ಐದು ಸಲ ಸಾಗರ ದಾಟಿದ 22 ಮಿಲಿಗ್ರಾಂ: 117ನೇ ಧಾತು ಹುಟ್ಟಿದ ಬಗೆ

ಹತ್ತಿಪ್ಪತ್ತು ವರ್ಷ ಹಳೆಯ ರಸಾಯನಶಾಸ್ತ್ರದ ಪುಸ್ತಕ ಕೈಗೆ ಸಿಕ್ಕರೆ ಅದರಲ್ಲಿನ ಆವರ್ತ ಕೋಷ್ಟಕವನ್ನು ಒಮ್ಮೆ ನೋಡಿ. ಏಳನೇ ಸಾಲಿನ ಬಲತುದಿಯಲ್ಲಿ ಕೆಲವು ಮನೆಗಳು ಖಾಲಿ ಇರುತ್ತವೆ. ಇಲ್ಲದಿದ್ದರೆ ಅಲ್ಲಿ 'ಯುನುನ್‌ಸೆಪ್ಟಿಯಂ' ಅಂತ ನಾಲಿಗೆ ಹೊರಳದ ಹೆಸರೊಂದು ಇರುತ್ತದೆ. ಈಗಿನ ಮಕ್ಕಳ ಪುಸ್ತಕದಲ್ಲಿ ಅದೇ ಮನೆಯಲ್ಲಿ 'ಟೆನೆಸಿನ್' ಬಂದು ಕೂತಿದೆ. ಸಂಖ್ಯೆ 117.

"ಇದು ಯಾವ ಬಣ್ಣ? ಎಲ್ಲಿ ಸಿಗುತ್ತೆ?" ಅಂತ ಮಗು ಕೇಳಿದರೆ ಏನು ಹೇಳೋದು? ಎಲ್ಲೂ ಸಿಗುವುದಿಲ್ಲ. ಬಣ್ಣವನ್ನು ಯಾರೂ ನೋಡಿಲ್ಲ. ಇದುವರೆಗೆ ಮಾಡಿದ ಎಲ್ಲ ಟೆನೆಸಿನ್ ಪರಮಾಣುಗಳನ್ನು ಒಟ್ಟು ಸೇರಿಸಿದರೂ ಸೂಕ್ಷ್ಮದರ್ಶಕದಡಿ ಒಂದು ಚುಕ್ಕೆ ಕೂಡ ಆಗದು. ಸೇರಿಸಲು ಅವು ಉಳಿದೂ ಇಲ್ಲ.

ಹಾಗಿದ್ದರೆ ಅದಕ್ಕೊಂದು ಮನೆ, ಒಂದು ಹೆಸರು ಕೊಟ್ಟಿದ್ದು ಯಾಕೆ? ಇದೆ ಅಂತ ಗೊತ್ತಾಗಿದ್ದು ಹೇಗೆ? 119, 120ನೇ ಧಾತುವಿನ ಹುಡುಕಾಟದ ಸುದ್ದಿ ಆಗಾಗ ಬರುತ್ತಿರುವುದರಿಂದ ಇದನ್ನು ಬುಡದಿಂದ ನೋಡೋಣ. ಸಿದ್ಧಾಂತಕ್ಕಿಂತ ಇದರಲ್ಲಿ ಓಟವೇ ಜಾಸ್ತಿ. ಪ್ರತಿ ಹೆಜ್ಜೆಯಲ್ಲೂ ಗಡಿಯಾರದ ಜೊತೆ ಜಗಳ.

ಪ್ರೋಟಾನ್ ಎಣಿಸಿದರೆ ಹೆಸರು ಸಿಕ್ಕಿತು

ಪ್ರತಿ ಪರಮಾಣುವಿನ ನಡುವೆ ಒಂದು ಪುಟ್ಟ ಬೀಜ ಇದೆ. ವಿಜ್ಞಾನಿಗಳು ನ್ಯೂಕ್ಲಿಯಸ್ ಅನ್ನುತ್ತಾರೆ, ನಾವು ಬೀಜ ಅಂತಲೇ ಕರೆಯೋಣ. ಅದರಲ್ಲಿ ಎರಡು ಬಗೆಯ ಕಣಗಳು. ಧನ ವಿದ್ಯುದಂಶ ಇರುವ ಪ್ರೋಟಾನ್ ಒಂದು, ಯಾವ ವಿದ್ಯುದಂಶವೂ ಇಲ್ಲದ ನ್ಯೂಟ್ರಾನ್ ಇನ್ನೊಂದು. ಬೀಜದ ಸುತ್ತ ಎಲೆಕ್ಟ್ರಾನ್‌ಗಳು ಇರುತ್ತವೆ.

ಇದು ಯಾವ ಧಾತು ಅಂತ ತೀರ್ಮಾನ ಆಗುವುದು ಪ್ರೋಟಾನ್ ಎಣಿಕೆಯಿಂದ ಮಾತ್ರ. ಒಂದೇ ಪ್ರೋಟಾನ್ ಇದ್ದರೆ ಜಲಜನಕ. 79 ಇದ್ದರೆ ಚಿನ್ನ. 82 ಇದ್ದರೆ ಸೀಸ. ಅಂದರೆ ಸೀಸದ ಬೀಜದಿಂದ ಮೂರು ಪ್ರೋಟಾನ್ ಕಿತ್ತರೆ ಅದು ಚಿನ್ನವಾಗುತ್ತದೆ! ಹಿಂದಿನ ರಸವಿದ್ಯೆಯವರು ತಲೆಮಾರುಗಟ್ಟಲೆ ಕುಲುಮೆ ಊದಿದರೂ ಆಗಲಿಲ್ಲ, ಯಾಕೆಂದರೆ ಬೆಂಕಿಯ ಆಟವೆಲ್ಲ ಹೊರಗಿನ ಎಲೆಕ್ಟ್ರಾನ್‌ಗಳ ಜೊತೆ. ಬೀಜವನ್ನು ಅಲ್ಲಾಡಿಸುವ ಶಕ್ತಿ ಕುಲುಮೆಗಿಲ್ಲ.

ನ್ಯೂಟ್ರಾನ್ ಎಣಿಕೆ ಹೆಚ್ಚುಕಮ್ಮಿ ಆದರೆ ಧಾತು ಬದಲಾಗುವುದಿಲ್ಲ, ತೂಕ ಬದಲಾಗುತ್ತದೆ. ಒಂದೇ ಧಾತುವಿನ ಇಂಥ ಬೇರೆ ಬೇರೆ ತೂಕದ ರೂಪಗಳೇ ಐಸೋಟೋಪ್‌ಗಳು. ಪ್ರೋಟಾನ್, ನ್ಯೂಟ್ರಾನ್ ಎರಡನ್ನೂ ಕೂಡಿಸಿ ಬಂದ ಸಂಖ್ಯೆಯನ್ನು ಹೆಸರಿನ ಮುಂದೆ ಬರೆಯುತ್ತಾರೆ. ಮೂಳೆಯಲ್ಲಿ, ಸುಣ್ಣದಲ್ಲಿ ಇರುವ ಕ್ಯಾಲ್ಸಿಯಂ ಬಹುಪಾಲು ಕ್ಯಾಲ್ಸಿಯಂ-40. ಅದರಲ್ಲಿ 20 ಪ್ರೋಟಾನ್, 20 ನ್ಯೂಟ್ರಾನ್. ಅಪರೂಪಕ್ಕೆ ಕ್ಯಾಲ್ಸಿಯಂ-48 ಸಿಗುತ್ತದೆ. ಅದರಲ್ಲಿ ನ್ಯೂಟ್ರಾನ್ 28. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಜಗಳಗಂಟರ ಸಂಸಾರ

ಪ್ರೋಟಾನ್‌ಗಳಿಗೆ ಒಂದನ್ನೊಂದು ಕಂಡರೆ ಆಗುವುದಿಲ್ಲ. ಆಯಸ್ಕಾಂತದ ಒಂದೇ ಬಗೆಯ ತುದಿಗಳನ್ನು ಹತ್ತಿರ ತಂದರೆ ತಳ್ಳಿಕೊಳ್ಳುತ್ತವಲ್ಲ, ಹಾಗೆ. ಅಂಥ ಹತ್ತಾರು ಕಣಗಳನ್ನು ಒಂದೇ ಬೀಜದಲ್ಲಿ ಹಿಡಿದಿಟ್ಟಿರುವುದು ಇನ್ನೊಂದು ಬಲ. ಅದು ಬಹಳ ಗಟ್ಟಿ, ಆದರೆ ಅದರ ಕೈ ಗಿಡ್ಡ. ಪಕ್ಕದಲ್ಲಿ ತಾಗಿಕೊಂಡಿರುವ ಕಣವನ್ನು ಬಿಗಿಯಾಗಿ ಹಿಡಿಯುತ್ತದೆ, ಸ್ವಲ್ಪ ದೂರದಲ್ಲಿ ಇರುವುದನ್ನು ಮುಟ್ಟಲೂ ಆರದು. ತಳ್ಳುವ ಬಲ ಹಾಗಲ್ಲ, ಬೀಜದ ಈ ತುದಿಯಿಂದ ಆ ತುದಿಗೂ ತಲುಪುತ್ತದೆ.

ಹಾಗಾಗಿ ಸಂಸಾರ ದೊಡ್ಡದಾದಷ್ಟೂ ಕಷ್ಟ. ಜೊತೆಗೆ ಹಿಡಿದುಕೊಳ್ಳುವ ನೆರೆಯವರು ನಾಲ್ಕಾರು ಮಂದಿ, ತಳ್ಳುವವರು ಮಾತ್ರ ಮನೆ ತುಂಬ. ನ್ಯೂಟ್ರಾನ್‌ಗಳು ಇಲ್ಲಿ ಜಗಳಗಂಟರ ನಡುವೆ ಕೂರಿಸಿದ ಸಮಾಧಾನಿಗಳ ಹಾಗೆ. ತಾವು ಯಾರನ್ನೂ ತಳ್ಳುವುದಿಲ್ಲ, ಹಿಡಿದುಕೊಳ್ಳಲು ಮಾತ್ರ ಕೈ ಕೊಡುತ್ತವೆ. ಭಾರದ ಧಾತುಗಳಲ್ಲಿ ಪ್ರೋಟಾನ್‌ಗಿಂತ ನ್ಯೂಟ್ರಾನ್ ಜಾಸ್ತಿ ಇರುವುದು ಇದಕ್ಕೇ.

ಅಷ್ಟಿದ್ದರೂ ಒಂದು ಹಂತ ದಾಟಿದ ಮೇಲೆ ಹಿಡಿತ ಸಾಲುವುದಿಲ್ಲ. ನೆಲದಿಂದ ಅಗೆದು ತೆಗೆಯುವಷ್ಟು ಸಿಗುವ ಅತಿ ಭಾರದ ಧಾತು ಯುರೇನಿಯಂ, ಸಂಖ್ಯೆ 92. ಅದರಿಂದಾಚೆಗಿನದ್ದನ್ನೆಲ್ಲ ಹೆಚ್ಚುಕಡಿಮೆ ನಾವೇ ಮಾಡಿಕೊಳ್ಳಬೇಕು.

ಅರ್ಧಾಯು ಅಂದರೆ

ಅಸ್ಥಿರ ಬೀಜ ಯಾವ ಕ್ಷಣ ಒಡೆಯುತ್ತದೆ ಅಂತ ಮೊದಲೇ ಹೇಳಲು ಯಾರಿಂದಲೂ ಆಗದು. ಆದರೆ ಗುಂಪಿನ ಲೆಕ್ಕ ಪಕ್ಕಾ. ನೂರು ನಾಣ್ಯ ಚಿಮ್ಮಿ, ತಲೆ ಬಿದ್ದದ್ದನ್ನೆಲ್ಲ ಆಚೆ ಇಡಿ. ಸುಮಾರು 50 ಉಳಿಯುತ್ತವೆ. ಅವನ್ನು ಮತ್ತೆ ಚಿಮ್ಮಿದರೆ 25 ಉಳಿಯುತ್ತವೆ. ಹೀಗೆ ಪ್ರತಿ ಸುತ್ತಿಗೂ ಅರ್ಧ ಖಾಲಿ. ಒಂದು ಸುತ್ತಿಗೆ ಹಿಡಿಯುವ ಸಮಯವೇ ಅರ್ಧಾಯು.

ಯುರೇನಿಯಂ-238ರ ಅರ್ಧಾಯು ಸುಮಾರು 450 ಕೋಟಿ ವರ್ಷ. ಭೂಮಿಯ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ, ಅದಕ್ಕೇ ಅದಿನ್ನೂ ನೆಲದಲ್ಲಿ ಉಳಿದಿದೆ. ನಮ್ಮ ಕಥೆಗೆ ಬೇಕಾದ ಬರ್ಕೆಲಿಯಂ-249ರ ಅರ್ಧಾಯು ಸುಮಾರು 11 ತಿಂಗಳು. ಟೆನೆಸಿನ್-294ರದ್ದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲು. ಕಣ್ಣೆವೆ ಒಮ್ಮೆ ಮುಚ್ಚಿ ತೆರೆಯುವುದರೊಳಗೆ ಕಥೆ ಮುಗಿದಿರುತ್ತದೆ.

ಅಷ್ಟು ಕಡಿಮೆ ಹೊತ್ತು ಇದ್ದದ್ದನ್ನು ಧಾತು ಅಂತ ಕರೆಯಬಹುದಾ? ಅದಕ್ಕೂ ಒಂದು ನಿಯಮ ಇದೆ. ಬೀಜ ಹುಟ್ಟಿ ಕನಿಷ್ಠ ಸೆಕೆಂಡಿನ ಒಂದು ಕೋಟಿ ಕೋಟಿಯಲ್ಲಿ ಒಂದು ಪಾಲು ಬದುಕಿದ್ದರೆ ಸಾಕು. ಬೀಜ ತನ್ನ ಸುತ್ತ ಎಲೆಕ್ಟ್ರಾನ್‌ಗಳನ್ನು ಕೂಡಿಸಿಕೊಂಡು ನಿಜವಾದ ಪರಮಾಣು ಆಗಲು ಸುಮಾರು ಅಷ್ಟು ಹೊತ್ತು ಬೇಕು. ಆ ಅಳತೆಯಲ್ಲಿ ನೋಡಿದರೆ ಟೆನೆಸಿನ್ ದೀರ್ಘಾಯು!

ಭಾರದ ಬೀಜ ಮಾಡುವುದು ಹೇಗೆ

ಮೊದಮೊದಲು ದಾರಿ ಸುಲಭವಿತ್ತು. ಬೀಜಕ್ಕೆ ನ್ಯೂಟ್ರಾನ್ ತಿನ್ನಿಸುವುದು. ವಿದ್ಯುದಂಶ ಇಲ್ಲದ ಕಾರಣ ನ್ಯೂಟ್ರಾನನ್ನು ಯಾರೂ ತಳ್ಳುವುದಿಲ್ಲ, ಅದು ಸೀದಾ ಒಳಗೆ ಹೋಗಿ ಕೂರುತ್ತದೆ. ಆಮೇಲೆ ಒಂದು ನ್ಯೂಟ್ರಾನ್ ತಾನಾಗಿಯೇ ಪ್ರೋಟಾನ್ ಆಗಿ ಬದಲಾಗಬಹುದು. ಆಗ ಧಾತುವಿನ ಸಂಖ್ಯೆ ಒಂದು ಏರುತ್ತದೆ. ಅಣು ರಿಯಾಕ್ಟರ್‌ಗಳಲ್ಲಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. 99 ಮತ್ತು 100ನೇ ಧಾತುಗಳು ಮೊದಲು ಕಂಡದ್ದು 1952ರಲ್ಲಿ, ಪೆಸಿಫಿಕ್ ಸಾಗರದ ದ್ವೀಪವೊಂದರಲ್ಲಿ ಸಿಡಿಸಿದ ಹೈಡ್ರೋಜನ್ ಬಾಂಬಿನ ಧೂಳಿನಲ್ಲಿ.

100ಕ್ಕೆ ಗೋಡೆ ಅಡ್ಡ ಬಂತು. ಫರ್ಮಿಯಂ-258 ಹುಟ್ಟಿದ ಒಂದು ಮಿಲಿಸೆಕೆಂಡಿನೊಳಗೇ ಎರಡು ಹೋಳಾಗಿ ಒಡೆಯುತ್ತದೆ. ಅದಕ್ಕೆ ಇನ್ನೊಂದು ನ್ಯೂಟ್ರಾನ್ ತಿನ್ನಿಸಲು ಪುರುಸೊತ್ತೇ ಇಲ್ಲ.

ಆಮೇಲೆ ಉಳಿದದ್ದು ಒಂದೇ ದಾರಿ. ಎರಡು ಬೀಜಗಳನ್ನು ಡಿಕ್ಕಿ ಹೊಡೆಸಿ ಅಂಟಿಸುವುದು. ಲೆಕ್ಕ ಒಂದನೇ ತರಗತಿಯ ಕೂಡಿಸುವ ಲೆಕ್ಕವೇ. ಕ್ಯಾಲ್ಸಿಯಂ 20, ಬರ್ಕೆಲಿಯಂ 97, ಕೂಡಿಸಿದರೆ 117. ಮಾಡುವುದು ಮಾತ್ರ ಅಷ್ಟು ಸುಲಭ ಅಲ್ಲ. ಮೆಲ್ಲಗೆ ಬಿಟ್ಟರೆ ಎರಡೂ ತಳ್ಳಿಕೊಂಡು ದೂರ ಹೋಗುತ್ತವೆ. ಜೋರಾಗಿ ಹೊಡೆದರೆ ಅಂಟಿಕೊಂಡ ಬೀಜ ಕಾದು ಚೂರಾಗುತ್ತದೆ. ನಡುವೆ ಸಣ್ಣದೊಂದು ಸಂದು ಇದೆ. ಕ್ಯಾಲ್ಸಿಯಂ ಬೀಜ ಬೆಳಕಿನ ವೇಗದ ಹತ್ತನೇ ಒಂದು ಪಾಲು, ಅಂದರೆ ಸೆಕೆಂಡಿಗೆ ಸುಮಾರು 30,000 ಕಿಲೋಮೀಟರ್ ವೇಗದಲ್ಲಿ ಬಂದು ಬಡಿಯಬೇಕು. ಆಗಲೂ ಬಹುತೇಕ ಎಲ್ಲ ಡಿಕ್ಕಿಗಳೂ ದಂಡ.

ಅಂಟಿಕೊಂಡ ಬೀಜ ಕಾದಿರುತ್ತದಲ್ಲ, ಅದು ಮೂರೋ ನಾಲ್ಕೋ ನ್ಯೂಟ್ರಾನ್ ಉಗುಳಿ ತಣ್ಣಗಾಗುತ್ತದೆ. ಕ್ಯಾಲ್ಸಿಯಂ-48, ಬರ್ಕೆಲಿಯಂ-249 ಕೂಡಿದರೆ 297. ಮೂರು ಹೋದರೆ ಟೆನೆಸಿನ್-294, ನಾಲ್ಕು ಹೋದರೆ ಟೆನೆಸಿನ್-293.

ಕ್ಯಾಲ್ಸಿಯಂ-40 ಎಲ್ಲೆಡೆ ಸಿಗುವಾಗ 48ರ ಹಿಂದೆಯೇ ಯಾಕೆ ಬೀಳಬೇಕು? ಅದರಲ್ಲಿ ಎಂಟು ಸಮಾಧಾನಿಗಳು ಜಾಸ್ತಿ, ಅದಕ್ಕೆ. ಸಾವಿರ ಕ್ಯಾಲ್ಸಿಯಂ ಪರಮಾಣುಗಳಲ್ಲಿ ಎರಡು ಕೂಡ ಈ ಜಾತಿಯವಲ್ಲ. ಬೇರ್ಪಡಿಸಿ ತೆಗೆಯುವುದು ಬಲು ದುಬಾರಿ ಕೆಲಸ.

118 ಸಿಕ್ಕಿತ್ತು, 117 ಸಿಕ್ಕಿರಲಿಲ್ಲ

ಸಾಲಿನಲ್ಲಿ ಕೊನೆಯದು 118, ಒಗನೆಸನ್. ಅದನ್ನು ರಷ್ಯಾದ ದುಬ್ನಾದಲ್ಲಿರುವ ಫ್ಲೆರೋವ್ ಪ್ರಯೋಗಾಲಯ ಮತ್ತು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಸೇರಿ 2006ರಲ್ಲೇ ಪ್ರಕಟಿಸಿದ್ದರು. 117 ಬಂದದ್ದು 2010ರಲ್ಲಿ. ತಮ್ಮ ಮೊದಲು ಹುಟ್ಟಿ ಅಣ್ಣ ಆಮೇಲೆ ಹುಟ್ಟಿದ ಹಾಗೆ!

ಕಾರಣ ಸರಕಿನ ಕೊರತೆ. 118ಕ್ಕೆ ಬೇಕಾಗಿದ್ದು ಕ್ಯಾಲಿಫೋರ್ನಿಯಂ, ಅದು ಇತ್ತು. 117ಕ್ಕೆ ಬೇಕಾದ ಬರ್ಕೆಲಿಯಂ ಇರಲಿಲ್ಲ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ ಇದೆ. ಅಲ್ಲಿನ ಹೈ ಫ್ಲಕ್ಸ್ ಐಸೋಟೋಪ್ ರಿಯಾಕ್ಟರ್ ಇದನ್ನು ಮಾಡಬಲ್ಲದು. ಆದರೆ ಬರೀ ಬರ್ಕೆಲಿಯಂಗೋಸ್ಕರ ಅಷ್ಟು ದಿನ ರಿಯಾಕ್ಟರ್ ಓಡಿಸಿದರೆ ಖರ್ಚು ಕೈಗೆಟುಕುವುದಿಲ್ಲ. 2004ರ ಕೊನೆಯಲ್ಲಿ ದುಬ್ನಾದವರು ಕೇಳಿದಾಗ ಆಗಲ್ಲ ಅನ್ನುವ ಉತ್ತರವೇ ಬಂತು.

ದಾರಿ ತೆರೆದದ್ದು ವ್ಯಾಪಾರದಿಂದ. ತೈಲ ಬಾವಿಗಳ ಪರೀಕ್ಷೆಗೆ, ರಿಯಾಕ್ಟರ್ ಚಾಲೂ ಮಾಡುವುದಕ್ಕೆ ಕ್ಯಾಲಿಫೋರ್ನಿಯಂ-252 ಬಳಸುತ್ತಾರೆ. 2008ರಲ್ಲಿ ಓಕ್ ರಿಡ್ಜ್ ಅದರ ತಯಾರಿಕೆಯನ್ನು ಮತ್ತೆ ಶುರು ಮಾಡಿತು. ಕ್ಯಾಲಿಫೋರ್ನಿಯಂ ಮಾಡುವಾಗ ಬರ್ಕೆಲಿಯಂ ಪಕ್ಕದ ಸರಕಾಗಿ ತಾನಾಗಿಯೇ ಬರುತ್ತದೆ. ಈ ಸುಳಿವು ಹಿಡಿದವರು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೋಸೆಫ್ ಹ್ಯಾಮಿಲ್ಟನ್. ಅದೇ ವರ್ಷ ಸಮಾರಂಭವೊಂದರಲ್ಲಿ ದುಬ್ನಾದ ಯೂರಿ ಒಗನೆಸಿಯನ್ ಅವರನ್ನು ಓಕ್ ರಿಡ್ಜ್‌ನ ಜೇಮ್ಸ್ ರಾಬರ್ಟೊ ಅವರಿಗೆ ಪರಿಚಯ ಮಾಡಿಸಿದ್ದೂ ಇವರೇ. ಮಾತು ಕುದುರಿತು.

250 ದಿನ ರಿಯಾಕ್ಟರ್ ಓಡಿತು. ಹೊರಬಂದದ್ದು ಮುಟ್ಟಲಾಗದಷ್ಟು ವಿಕಿರಣ ಸೂಸುತ್ತಿತ್ತು, ಅದನ್ನು 90 ದಿನ ಸುಮ್ನೆ ಆರಲು ಬಿಟ್ಟರು. ಬೇರೆ ಧಾತುಗಳಿಂದ ಬಿಡಿಸಿ ಶುದ್ಧ ಮಾಡಲು ಇನ್ನೂ 90 ದಿನ. ಕೊನೆಗೆ ಸಿಕ್ಕಿದ್ದು 22 ಮಿಲಿಗ್ರಾಂ. ಆಗ ತೆಗೆದ ಫೋಟೋ ಇದೆ. ಪುಟ್ಟ ಗಾಜಿನ ಸೀಸೆ, ಅದರ ತಳದಲ್ಲಿ ಒಂದಿಷ್ಟು ಹಸಿರು ದ್ರವ. ಒಂದೂಕಾಲು ವರ್ಷದ ದುಡಿತ ಆ ತಳದಲ್ಲಿತ್ತು.

ಅಲ್ಲಿಂದ ಗಡಿಯಾರ ಓಡತೊಡಗಿತು. 11 ತಿಂಗಳಲ್ಲಿ ಅರ್ಧ ಹೋಗುವ ಸರಕು ಅದು. ದಿನ ಕಳೆದಂತೆ ಬರ್ಕೆಲಿಯಂ ತಾನಾಗಿಯೇ ಕ್ಯಾಲಿಫೋರ್ನಿಯಂ ಆಗಿಬಿಡುತ್ತದೆ.

ಕಾಗದ ಸರಿ ಇಲ್ಲ, ವಾಪಸ್

2009ರ ಜೂನ್‌ನಲ್ಲಿ ಸರಕನ್ನು ಐದು ಸೀಸದ ಡಬ್ಬಿಗಳಲ್ಲಿಟ್ಟು ನ್ಯೂಯಾರ್ಕ್‌ನಿಂದ ಮಾಸ್ಕೋಗೆ ಮಾಮೂಲಿ ಪ್ರಯಾಣಿಕ ವಿಮಾನದಲ್ಲಿ ಕಳಿಸಿದರು. ಮಾಸ್ಕೋದ ಸುಂಕದವರು ಕಾಗದಪತ್ರ ಸರಿ ಇಲ್ಲ ಅಂತ ಒಳಗೆ ಬಿಡಲಿಲ್ಲ. ಡಬ್ಬಿಗಳು ವಾಪಸ್ ಹೋದವು. ಕಾಗದ ಸರಿ ಮಾಡಿ ಮತ್ತೆ ಕಳಿಸಿದರು. ಮತ್ತೆ ಕೊರತೆ, ಮತ್ತೆ ವಾಪಸ್. ಮೂರನೇ ಸಲ ಒಳಗೆ ಹೋಯಿತು. ಹೋಗಿ, ಬಂದು, ಹೋಗಿ, ಬಂದು, ಹೋಗಿ ಒಟ್ಟು ಐದು ಸಲ ಅಟ್ಲಾಂಟಿಕ್ ದಾಟಿತು. ಅರ್ಧಾಯುವಿಗೆ ಸುಂಕದ ಕಟ್ಟೆಯ ಹಂಗಿಲ್ಲ, ಅದರ ಪಾಡಿಗೆ ಅದು ಕರಗುತ್ತಲೇ ಇತ್ತು. ಪುಣ್ಯಕ್ಕೆ ಇಷ್ಟೆಲ್ಲ ಆದದ್ದು ಕೆಲವೇ ದಿನಗಳಲ್ಲಿ.

ಮುಂದಿನ ನಿಲ್ದಾಣ ರಷ್ಯಾದ್ದೇ ಇನ್ನೊಂದು ಊರು, ಡಿಮಿಟ್ರೋವ್‌ಗ್ರಾದ್. ಅಲ್ಲಿನ ಸಂಸ್ಥೆಯವರು ಬರ್ಕೆಲಿಯಂ ಅನ್ನು ಟೈಟಾನಿಯಂ ಹಾಳೆಯ ಮೇಲೆ 300 ನ್ಯಾನೋಮೀಟರ್ ದಪ್ಪಕ್ಕೆ ಲೇಪಿಸಿದರು. ತಲೆಕೂದಲಿನ ದಪ್ಪವನ್ನು ಇನ್ನೂರು ಪದರ ಮಾಡಿದರೆ ಒಂದು ಪದರ ಹೆಚ್ಚುಕಡಿಮೆ ಅಷ್ಟು ಇರಬಹುದು. ಇಷ್ಟು ತೆಳುವಾಗಿ ಬಳಿಯಲು ಕಾರಣ ಇದೆ. ಹೊಸ ಬೀಜ ಹುಟ್ಟಿದ ಕೂಡಲೇ ಆ ಪದರದಿಂದ ಆಚೆ ಹಾರಿ ಬರಬೇಕು. ದಪ್ಪ ಬಳಿದರೆ ಅಲ್ಲೇ ಹೂತುಹೋಗುತ್ತದೆ, ಹುಟ್ಟಿದ್ದು ಯಾರಿಗೂ ಗೊತ್ತಾಗುವುದಿಲ್ಲ.

150 ದಿನ, ಆರು ಪರಮಾಣು

ಜುಲೈ 27ರಂದು ದುಬ್ನಾದಲ್ಲಿ ಪ್ರಯೋಗ ಶುರುವಾಯಿತು. ಸೆಕೆಂಡಿಗೆ ಸುಮಾರು 7 ಲಕ್ಷ ಕೋಟಿ ಕ್ಯಾಲ್ಸಿಯಂ-48 ಬೀಜಗಳು ಬರ್ಕೆಲಿಯಂ ಮೇಲೆ ಸುರಿಯತೊಡಗಿದವು. ಒಂದು ದಿನಕ್ಕೆ ಎಷ್ಟಾಯಿತು ಅಂತ ಗುಣಿಸಿ ನೋಡಿದೆ, 6ರ ಮುಂದೆ 17 ಸೊನ್ನೆ ಬಂತು. ಇದು 150 ದಿನ ನಡೆಯಿತು.

ಸಿಕ್ಕಿದ್ದು ಆರು. ಆರು ಕೋಟಿ ಅಲ್ಲ, ಆರು ಸಾವಿರ ಅಲ್ಲ, ಬರೀ ಆರು ಪರಮಾಣು. ಐದು ಟೆನೆಸಿನ್-293, ಒಂದು ಟೆನೆಸಿನ್-294. ಸರಾಸರಿ ತಿಂಗಳಿಗೆ ಒಂದಕ್ಕಿಂತ ಚೂರು ಜಾಸ್ತಿ. ಇದೂ ಪರವಾಗಿಲ್ಲ ಅನ್ನಿಸಬೇಕಾದರೆ ಜಪಾನಿನ ರಿಕೆನ್ ಸಂಸ್ಥೆಯ ಕಥೆ ಕೇಳಬೇಕು. ಕೊಸುಕೆ ಮೊರಿಟಾ ಅವರ ತಂಡ 113ನೇ ಧಾತುವಿಗೆ 2003ರಲ್ಲಿ ಕೂತಿತು. ಒಂದು ಪರಮಾಣು 2004ರಲ್ಲಿ, ಒಂದು 2005ರಲ್ಲಿ, ಮೂರನೆಯದು 2012ರಲ್ಲಿ. ಅಷ್ಟೇ.

ಇಲ್ಲದಾದ ಮೇಲೆ ಇತ್ತು ಅಂತ ಗೊತ್ತಾಗುವುದು

ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟದ ಭಾಗ ಇದು. ಆರು ಪರಮಾಣುಗಳನ್ನು ಯಾರೂ ಕಣ್ಣಾರೆ ಕಾಣಲಿಲ್ಲ. ಹಾಗಾದರೆ ಆರು ಅಂತ ಎಣಿಸಿದ್ದು ಹೇಗೆ?

ಡಿಕ್ಕಿಯಲ್ಲಿ ಹುಟ್ಟಿದ ಬೀಜ ಪದರದಿಂದ ಚಿಮ್ಮಿ ಮುಂದಕ್ಕೆ ಹಾರುತ್ತದೆ. ಅದರ ಜೊತೆ ಗುರಿ ತಪ್ಪಿದ ಕ್ಯಾಲ್ಸಿಯಂ, ಒಡೆದ ಚೂರುಗಳು, ಬೇಡದ್ದೆಲ್ಲ ಬರುತ್ತದೆ. ದಾರಿಯಲ್ಲಿ ದೊಡ್ಡ ಆಯಸ್ಕಾಂತವಿದೆ. ಹಗುರದ್ದು, ವೇಗದ್ದು ಒಂದು ಕಡೆ ತಿರುಗುತ್ತವೆ, ಭಾರದ್ದು ಇನ್ನೊಂದು ಕಡೆ. ಕಾಳು ಕೇರುವಾಗ ಹೊಟ್ಟು ಒಂದು ಕಡೆ ಹಾರಿ ಕಾಳು ಇನ್ನೊಂದು ಕಡೆ ಬೀಳುತ್ತದಲ್ಲ, ಅದೇ ಉಪಾಯ. ನಮಗೆ ಬೇಕಾದ ಬೀಜ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ಹೊತ್ತಿನಲ್ಲಿ ಈ ದಾರಿ ಸವೆಸಿ ಸಿಲಿಕಾನ್ ಫಲಕವೊಂದರಲ್ಲಿ ಹೋಗಿ ನಾಟಿಕೊಳ್ಳುತ್ತದೆ. ಫಲಕದ ಯಾವ ಜಾಗದಲ್ಲಿ, ಯಾವ ಕ್ಷಣದಲ್ಲಿ ಅಂತ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ.

ಆಮೇಲೆ ಕಾಯುವುದು. ಭಾರದ ಬೀಜ ಹಗುರಾಗಲು ಆಲ್ಫಾ ಕಣ ಉಗುಳುತ್ತದೆ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಗಂಟು ಅದು. ಎರಡು ಪ್ರೋಟಾನ್ ಹೋದರೆ ಧಾತು ಎರಡು ಮನೆ ಹಿಂದೆ ಸರಿಯುತ್ತದೆ. 117 ಹೋಗಿ 115 ಆಗುತ್ತದೆ. ಅದು ಇನ್ನೊಂದು ಆಲ್ಫಾ ಉಗುಳಿದರೆ 113. ಆಮೇಲೆ 111. ಪ್ರತಿ ಆಲ್ಫಾಕ್ಕೂ ಅದರದ್ದೇ ಆದ ಶಕ್ತಿ, ಅದರದ್ದೇ ಆದ ಅಂತರ. ನಾಟಿಕೊಂಡ ಅದೇ ಜಾಗದಿಂದ ಇವೆಲ್ಲ ಒಂದರ ಹಿಂದೆ ಒಂದು ಬಂದರೆ ಅದು ಕಾಕತಾಳೀಯ ಆಗಿರುವುದು ಕಷ್ಟ.

ದುಬ್ನಾದವರು ಇನ್ನೊಂದು ಜಾಣತನ ಮಾಡಿದ್ದರು. ಭಾರದ ಬೀಜವೊಂದು ನಾಟಿ, ಸರಿಯಾದ ಶಕ್ತಿಯ ಆಲ್ಫಾ ಬಂದ ಕೂಡಲೇ ಕ್ಯಾಲ್ಸಿಯಂ ಸುರಿಮಳೆ ತಾನಾಗಿಯೇ ನಿಲ್ಲುತ್ತಿತ್ತು. ಗಲಾಟೆ ನಿಂತ ಮೌನದಲ್ಲಿ ಮುಂದಿನ ಆಲ್ಫಾಗಳನ್ನು ಸ್ಪಷ್ಟವಾಗಿ ಕೇಳಿಸಿಕೊಳ್ಳಬಹುದು ಅಂತ.

ಟೆನೆಸಿನ್-293ರ ಐದೂ ಪರಮಾಣುಗಳು 111ರವರೆಗೆ ಇಳಿದು, ಅಲ್ಲಿ ಎರಡು ಹೋಳಾಗಿ ಒಡೆದವು. 294 ಮಾತ್ರ ಆರು ಮೆಟ್ಟಿಲು ಇಳಿಯಿತು. 117, 115, 113, 111, 109, 107, ಕೊನೆಗೆ 105ನೇ ಧಾತು ಡುಬ್ನಿಯಂ. ಮೇಲಿನ ಮೆಟ್ಟಿಲುಗಳಲ್ಲಿ ಹೆಚ್ಚು ಹೊತ್ತು ನಿಲ್ಲದಿದ್ದ ಅದು ಕೊನೆಯ ಮೆಟ್ಟಿಲಲ್ಲಿ ಒಂದು ದಿನಕ್ಕೂ ಜಾಸ್ತಿ ಕೂತಿತ್ತು. ಆಮೇಲೆ ಒಡೆಯಿತು. ಡುಬ್ನಿಯಂ ಅನ್ನುವ ಹೆಸರು ಬಂದದ್ದು ಅದೇ ದುಬ್ನಾ ಊರಿನಿಂದ.

ಒಬ್ಬರು ಹೇಳಿದರೆ ಸಾಲದು

2010ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಸರು ಸಿಗಲು ಇನ್ನೂ ಆರು ವರ್ಷ ಬೇಕಾಯಿತು. ಈ ನಿಧಾನಕ್ಕೆ ಅರ್ಥ ಇದೆ. 1999ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು 118ನೇ ಧಾತು ಸಿಕ್ಕಿತು ಅಂದಿದ್ದರು. ಬೇರೆಯವರಿಗೆ ಸಿಗಲಿಲ್ಲ. ಅವರೇ ಮತ್ತೆ ಮಾಡಿ ನೋಡಿದಾಗಲೂ ಸಿಗಲಿಲ್ಲ. ಎರಡು ವರ್ಷದ ಮೇಲೆ ಆ ಮಾತನ್ನು ಹಿಂತೆಗೆದುಕೊಂಡರು. ಎರಡು ಮೂರು ಪರಮಾಣುಗಳ ಮೇಲೆ ನಿಂತಿರುವ ಮಾತಾದ್ದರಿಂದ ಇನ್ನೊಬ್ಬರ ಕಣ್ಣು ಬೇಕೇ ಬೇಕು.

117 ದುಬ್ನಾದಲ್ಲೇ 2012ರಲ್ಲಿ ಮತ್ತೆ ಸಿಕ್ಕಿತು. 2014ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಬೇರೆ ಯಂತ್ರ, ಬೇರೆ ತಂಡದ ಕೈಗೂ ಸಿಕ್ಕಿತು. 2015ರ ಡಿಸೆಂಬರ್ 30ಕ್ಕೆ 113, 115, 117, 118 ನಾಲ್ಕಕ್ಕೂ ಮನ್ನಣೆ ಬಂತು. 2016ರ ನವೆಂಬರ್ 28ಕ್ಕೆ ಹೆಸರುಗಳು ಗಟ್ಟಿಯಾದವು. ನಿಹೋನಿಯಂ, ಮಾಸ್ಕೋವಿಯಂ, ಟೆನೆಸಿನ್, ಒಗನೆಸನ್. ಏಳನೇ ಸಾಲು ಭರ್ತಿ.

ಟೆನೆಸಿನ್ ಹೆಸರು ಟೆನೆಸಿ ರಾಜ್ಯದ್ದು. ಓಕ್ ರಿಡ್ಜ್, ವ್ಯಾಂಡರ್‌ಬಿಲ್ಟ್ ಎರಡೂ ಅಲ್ಲೇ ಇವೆ. ಬಾಲದಲ್ಲಿ ಬೇರೆಯವಕ್ಕೆ ಇರುವ 'ಇಯಂ' ಇದಕ್ಕಿಲ್ಲ, 'ಇನ್' ಇದೆ. ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳ ಕಂಬಸಾಲಿನಲ್ಲೇ ಇದು ಕೆಳಗೆ ಬರುವುದರಿಂದ ಮನೆತನದ ಬಾಲ ಅಂಟಿಸಿದರು. 118 ಯೂರಿ ಒಗನೆಸಿಯನ್ ಅವರ ಹೆಸರಲ್ಲಿದೆ. ಬದುಕಿರುವಾಗಲೇ ಧಾತುವೊಂದಕ್ಕೆ ಹೆಸರಾದವರು ಅವರಿಗಿಂತ ಮೊದಲು ಒಬ್ಬರೇ, ಗ್ಲೆನ್ ಸೀಬೋರ್ಗ್.

ಮನೆತನದ ಗುಣ ಬಂದಿದೆಯಾ?

ಟೆನೆಸಿನ್ ಕೂತ ಕಂಬಸಾಲು ಹ್ಯಾಲೋಜನ್‌ಗಳದ್ದು. ಫ್ಲೋರಿನ್, ಕ್ಲೋರಿನ್ ಅನಿಲ. ಬ್ರೋಮಿನ್ ಕೆಂಗಂದು ದ್ರವ. ಅಯೋಡಿನ್ ಗಟ್ಟಿ. ಇವೆಲ್ಲಕ್ಕೂ ಒಂದೇ ಚಟ, ಕಂಡವರಿಂದ ಒಂದು ಎಲೆಕ್ಟ್ರಾನ್ ಕಸಿಯುವುದು. ಹೊರಗಿನ ಸುತ್ತಿನಲ್ಲಿ ಏಳು ಎಲೆಕ್ಟ್ರಾನ್ ಇರುತ್ತವೆ, ಇನ್ನೊಂದು ಸಿಕ್ಕರೆ ಎಂಟಾಗಿ ಮನೆ ತುಂಬುತ್ತದೆ. ಅಡುಗೆ ಉಪ್ಪಿನಲ್ಲಿ ಕ್ಲೋರಿನ್ ಮಾಡಿರುವುದು ಅದನ್ನೇ, ಸೋಡಿಯಂನಿಂದ ಒಂದನ್ನು ಕಿತ್ತುಕೊಂಡಿದೆ.

ಟೆನೆಸಿನ್‌ಗೂ ಏಳು. ಹಾಗಂತ ಅದೇ ಚಟ ಇರುತ್ತದಾ? ಲೆಕ್ಕ ಹಾಕಿದವರು ಇಲ್ಲ ಅನ್ನುತ್ತಾರೆ. ಇಲ್ಲಿ ಐನ್‌ಸ್ಟೈನ್ ಅವರ ಸಾಪೇಕ್ಷತೆ ಬರುತ್ತದೆ. ಬೀಜದಲ್ಲಿ ಪ್ರೋಟಾನ್ ಹೆಚ್ಚಿದಷ್ಟೂ ಒಳಸುತ್ತಿನ ಎಲೆಕ್ಟ್ರಾನ್‌ಗಳನ್ನು ಅದು ಜೋರಾಗಿ ಎಳೆಯುತ್ತದೆ, ಅವು ಜೋರಾಗಿ ಓಡುತ್ತವೆ. ಚಿನ್ನದಲ್ಲಿ ಆ ವೇಗ ಬೆಳಕಿನ ವೇಗದ ಶೇಕಡಾ 58ರಷ್ಟು. 117ರಲ್ಲಿ ಸುಮಾರು ಶೇಕಡಾ 85. ಅಷ್ಟು ವೇಗದಲ್ಲಿ ಓಡುವ ಎಲೆಕ್ಟ್ರಾನ್ ಭಾರವಾದಂತೆ ನಡೆದುಕೊಂಡು ಬೀಜದ ಹತ್ತಿರಕ್ಕೆ ಕುಗ್ಗುತ್ತದೆ. ಅದರಿಂದ ಹೊರಗಿನವರ ವ್ಯವಸ್ಥೆಯೂ ಏರುಪೇರಾಗುತ್ತದೆ.

ಇದೇನು ಬರೀ ಕಾಗದದ ಮಾತಲ್ಲ. ಚಿನ್ನ ಬೆಳ್ಳಿಯ ಹಾಗೆ ಬಿಳಿ ಇರದೆ ಹಳದಿ ಇರುವುದಕ್ಕೂ, ಪಾದರಸ ಲೋಹವಾಗಿದ್ದೂ ದ್ರವವಾಗಿ ಹರಿಯುವುದಕ್ಕೂ ಇದೇ ಕಾರಣ.

ಟೆನೆಸಿನ್‌ನಲ್ಲಿ ಹೊರಗಿನ ಏಳರಲ್ಲಿ ನಾಲ್ಕು ಎಲೆಕ್ಟ್ರಾನ್ ಒಳಕ್ಕೆ ಸರಿದು ಬಿಗಿಯಾಗಿ ಕೂರುತ್ತವೆ, ಮೂರು ಮಾತ್ರ ಸಡಿಲವಾಗಿ ಉಳಿಯುತ್ತವೆ. ಹಾಗಾಗಿ ಕಸಿಯುವ ಚಟ ಕಡಿಮೆಯಾಗಿ, ಕೊಡುವ ಗುಣ ಹೆಚ್ಚಬೇಕು. ಅಂದರೆ ಹ್ಯಾಲೋಜನ್ ಮನೆಯಲ್ಲಿ ಹುಟ್ಟಿ ಲೋಹದ ನಡತೆ ಕಲಿತ ಕೂಸು. ಸಾಕಷ್ಟು ಪ್ರಮಾಣದಲ್ಲಿ ಮಾಡಲು ಆಗುವಂತಿದ್ದರೆ ಅದು ಗಟ್ಟಿ ಪದಾರ್ಥವಾಗಿ ಇರುತ್ತಿತ್ತು, 350ರಿಂದ 550 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲೋ ಕರಗುತ್ತಿತ್ತು ಅನ್ನುವುದು ಅಂದಾಜು. ಇನ್ನೊಂದು ತಮಾಷೆ ಇದೆ. ಪರಮಾಣು ಇಷ್ಟು ಭಾರ ಇದ್ದರೂ, ಒಂದೇ ಗಾತ್ರದ ಗಡ್ಡೆಗಳನ್ನು ಹೋಲಿಸಿದರೆ ಇದರ ಗಡ್ಡೆ ಕಬ್ಬಿಣಕ್ಕಿಂತ ಚೂರು ಹಗುರವೇ ಇರುತ್ತಿತ್ತಂತೆ. ಪರಮಾಣುವಿನ ಗಾತ್ರವೂ ಅಷ್ಟೇ ದೊಡ್ಡದು.

ಇವೆಲ್ಲ ಲೆಕ್ಕಾಚಾರ ಮಾತ್ರ. ಒಂದೊಂದೇ ಪರಮಾಣು ಹಿಡಿದು ರಸಾಯನಶಾಸ್ತ್ರ ಮಾಡುವವರು ಇದ್ದಾರೆ. ಬಿಸಿ ಅನಿಲದಲ್ಲಿ ತೇಲಿಸಿ, ಯಾವ ಮೇಲ್ಮೈಗೆ ಅಂಟುತ್ತದೆ ಅಂತ ನೋಡುತ್ತಾರೆ. ಅವರು ಸದ್ಯಕ್ಕೆ 115ರವರೆಗೆ ತಲುಪಿದ್ದಾರೆ. ಟೆನೆಸಿನ್ ಅವರ ಕೈಗೆ ಹೋಗಿ ಮುಟ್ಟುವುದರೊಳಗೆ ಅದು ಟೆನೆಸಿನ್ ಆಗಿ ಉಳಿದಿರುವುದಿಲ್ಲ.

ದ್ವೀಪ ಇದೆಯಂತೆ

ಉಪಯೋಗವೇ ಇಲ್ಲದ್ದಕ್ಕೆ ಇಷ್ಟು ಹಣ, ಇಷ್ಟು ವರ್ಷ ಯಾಕೆ? ನ್ಯಾಯವಾದ ಪ್ರಶ್ನೆ. ಟೆನೆಸಿನ್‌ಗೆ ಇವತ್ತು ಉಪಯೋಗ ಇಲ್ಲ. ಹುಡುಕುವವರಿಗೆ ಬೇಕಾಗಿರುವುದು ಬೇರೆ.

ಎಲೆಕ್ಟ್ರಾನ್‌ಗಳಿಗೆ ಇರುವ ಹಾಗೆ ಬೀಜದೊಳಗೂ ಸುತ್ತುಗಳಿವೆ. ಸುತ್ತು ಪೂರ್ತಿ ತುಂಬಿದಾಗ ಬೀಜ ಗಟ್ಟಿ. ಆ ಸಂಖ್ಯೆಗಳನ್ನು ಮಾಯಾಸಂಖ್ಯೆಗಳು ಅನ್ನುತ್ತಾರೆ. 2, 8, 20, 28, 50, 82, 126. ಕ್ಯಾಲ್ಸಿಯಂ-48ರಲ್ಲಿ 20 ಪ್ರೋಟಾನ್, 28 ನ್ಯೂಟ್ರಾನ್, ಎರಡೂ ಮಾಯಾಸಂಖ್ಯೆ. ನ್ಯೂಟ್ರಾನ್‌ಗೆ ಮುಂದಿನ ಮಾಯಾಸಂಖ್ಯೆ 184 ಇರಬೇಕು ಅಂತ 1960ರ ದಶಕದಲ್ಲೇ ಲೆಕ್ಕ ಹಾಕಿದ್ದರು. ಅದರ ಸುತ್ತಮುತ್ತ ಇರುವ ಅತಿಭಾರದ ಬೀಜಗಳು ಹೆಚ್ಚು ಹೊತ್ತು ಬಾಳಬೇಕು. ಅಸ್ಥಿರತೆಯ ಕಡಲಿನ ನಡುವೆ ಒಂದು ಸ್ಥಿರತೆಯ ದ್ವೀಪ.

ದ್ವೀಪದ ದಡ ಕಂಡಿದೆಯಾ? ಮರಳು ಕಾಲಿಗೆ ತಾಗಿದೆ ಅನ್ನಬಹುದು. 112ನೇ ಧಾತು ಕೋಪರ್ನಿಸಿಯಂ ನೋಡಿ. ಕೋಪರ್ನಿಸಿಯಂ-277ರ ಅರ್ಧಾಯು ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಎಂಟು ನ್ಯೂಟ್ರಾನ್ ಜಾಸ್ತಿ ಇರುವ ಕೋಪರ್ನಿಸಿಯಂ-285ರದ್ದು ಸುಮಾರು ಅರ್ಧ ನಿಮಿಷ. ಹತ್ತಾರು ಸಾವಿರ ಪಟ್ಟು ವ್ಯತ್ಯಾಸ! ನಮ್ಮ ಟೆನೆಸಿನ್‌ನಲ್ಲೂ ಸುಳಿವಿದೆ. 293ಕ್ಕೆ ಸುಮಾರು 22 ಮಿಲಿಸೆಕೆಂಡ್, ಒಂದೇ ನ್ಯೂಟ್ರಾನ್ ಜಾಸ್ತಿ ಇರುವ 294ಕ್ಕೆ ಸುಮಾರು 51. ಅದರಲ್ಲಿ ನ್ಯೂಟ್ರಾನ್ 177. ಇನ್ನೂ ಏಳು ಬೇಕು, ಆ ಏಳನ್ನು ತುಂಬಿಸುವ ದಾರಿ ಸದ್ಯಕ್ಕಿಲ್ಲ.

ಎಂಟನೇ ಸಾಲಿನ ಬಾಗಿಲು

119 ಸಿಕ್ಕರೆ ಕೋಷ್ಟಕಕ್ಕೆ ಹೊಸ ಸಾಲೇ ಶುರು. ಆದರೆ ಕ್ಯಾಲ್ಸಿಯಂ ಆಟ ಇಲ್ಲಿಗೆ ಮುಗಿಯಿತು. 119 ಬೇಕಾದರೆ 20ಕ್ಕೆ 99 ಕೂಡಿಸಬೇಕು, ಅಂದರೆ ಐನ್‌ಸ್ಟೈನಿಯಂ ಬೇಕು. ಅದನ್ನು ಲೇಪಿಸುವಷ್ಟು ಮಾಡಲು ಯಾವ ರಿಯಾಕ್ಟರ್‌ಗೂ ಆಗಿಲ್ಲ. 120ಕ್ಕೆ ಫರ್ಮಿಯಂ ಬೇಕು, ಅದು ಇನ್ನೂ ದೂರದ ಮಾತು.

ಹಾಗಾಗಿ ಗುರಿಯನ್ನು ಹಗುರ ಮಾಡಿ ಗುಂಡನ್ನು ಭಾರ ಮಾಡುತ್ತಿದ್ದಾರೆ. 22ರ ಟೈಟಾನಿಯಂ, 23ರ ವನಾಡಿಯಂ. ತೊಂದರೆ ಏನೆಂದರೆ ಇವುಗಳಿಗೆ ಕ್ಯಾಲ್ಸಿಯಂ-48ರ ಹಾಗೆ ಎರಡೂ ಕಡೆ ಮಾಯಾಸಂಖ್ಯೆ ಇಲ್ಲ, ಅಂಟಿಕೊಳ್ಳುವುದು ಇನ್ನೂ ಅಪರೂಪ. 2024ರಲ್ಲಿ ಬರ್ಕ್ಲಿಯವರು ಟೈಟಾನಿಯಂ-50 ಅನ್ನು ಪ್ಲುಟೋನಿಯಂ ಮೇಲೆ ಹಾಯಿಸಿ ಪರೀಕ್ಷೆ ಮಾಡಿದರು. ಹೊಸ ಧಾತುವಿಗಲ್ಲ, ಮೊದಲೇ ಗೊತ್ತಿದ್ದ 116ಕ್ಕೆ. 22 ದಿನದಲ್ಲಿ ಎರಡು ಪರಮಾಣು ಸಿಕ್ಕವು. ಈ ದಾರಿ ನಡೆಯುತ್ತದೆ ಅಂತ ಧೈರ್ಯ ಬಂತು. ಅವರ ಮುಂದಿನ ಕಣ್ಣು ಕ್ಯಾಲಿಫೋರ್ನಿಯಂ ಮೇಲೆ, 22ಕ್ಕೆ 98 ಕೂಡಿಸಿದರೆ 120.

ಜಪಾನಿನ ರಿಕೆನ್‌ನವರು 119ರ ಬೆನ್ನು ಹತ್ತಿದ್ದಾರೆ. 96ನೇ ಧಾತು ಕ್ಯೂರಿಯಂ ಮೇಲೆ ವನಾಡಿಯಂ ಸುರಿಯುವುದು ಅವರ ದಾರಿ. ಆ ಕ್ಯೂರಿಯಂ ಕೂಡ ಹೋಗಿದ್ದು ಓಕ್ ರಿಡ್ಜ್‌ನಿಂದಲೇ.